36ರಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಳ್ಳಬಹುದಾ? ಹಾಕಿಸಿಕೊಂಡವರು ದಯವಿಟ್ಟು ಅನುಭವ ಹೇಳಿ

ಕೇಳಿದವರು, ರಾಣೆಬೆನ್ನೂರು

ಎಲ್ಲರಿಗೂ ನಮಸ್ಕಾರ. ಸಹಕಾರಿ ಬ್ಯಾಂಕೊಂದರಲ್ಲಿ ಕ್ಯಾಷಿಯರ್ ಆಗಿದ್ದೇನೆ, ವಯಸ್ಸು 36. ಮೇಲಿನ ಹಲ್ಲು ಮೊದಲಿಂದಲೂ ಸ್ವಲ್ಪ ಉಬ್ಬು. ಅದಕ್ಕೆ ಒಗ್ಗಿಕೊಂಡಿದ್ದೆ. ಆದರೆ ಎರಡನೇ ಹೆರಿಗೆ ಆದಮೇಲೆ ಕೆಳಗಿನ ಮುಂದಿನ ಹಲ್ಲುಗಳು ಒಂದನ್ನೊಂದು ಒತ್ತಿಕೊಂಡು ಸೊಟ್ಟ ಆಗಿವೆ. ಅಲ್ಲಿ ಬ್ರಷ್ ಹೋಗುವುದಿಲ್ಲ, ಉಜ್ಜಿದಾಗ ರಕ್ತ ಬರುತ್ತದೆ.

ಎರಡು ಕಡೆ ತೋರಿಸಿದೆ. ಒಬ್ಬರು ಹಲ್ಲು ಕೀಳುವುದು ಬೇಡ, ಅಲೈನರ್ (ಬಿಚ್ಚಿ ಹಾಕುವ, ಒಂದಾದಮೇಲೊಂದು ಬದಲಿಸುವ ಪ್ಲಾಸ್ಟಿಕ್ ತಟ್ಟೆಗಳು) ಹಾಕೋಣ, 1,80,000 ಆಗುತ್ತದೆ ಅಂದರು. ಇನ್ನೊಬ್ಬರು ನಾಲ್ಕು ಹಲ್ಲು ಕಿತ್ತು ಸ್ಟೀಲ್ ಕ್ಲಿಪ್, ಎರಡು ವರ್ಷ, 48,000 ಅಂದರು. ಇಷ್ಟೊಂದು ವ್ಯತ್ಯಾಸ ಹೇಗೆ? ಚೆನ್ನಾಗಿರುವ ಹಲ್ಲು ಕೀಳಿಸಿದರೆ ಉಳಿದವು ಸಡಿಲ ಆಗುತ್ತವಾ? ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿಗೆ ತೊಂದರೆ ಅಂತ ಮನೆಯಲ್ಲಿ ಹೆದರಿಸುತ್ತಿದ್ದಾರೆ. ಅತ್ತೆಯವರಂತೂ "ಮಗಳಿಗೆ ಹಾಕ್ಸೂ ವ್ಯಾಳ್ಯಾದಾಗ ನಿನಗ ಯಾಕ ಬೇಕ ಇದು" ಅಂತಾರೆ. ರಾತ್ರಿ ಇದೇ ಯೋಚನೆ.

ಕನ್ನಡ ಟೀಚರ್, ದಾವಣಗೆರೆ

ನಾನು ಹಾಕಿಸಿಕೊಂಡಾಗ ನನಗೆ 41, ಈಗ 44. ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಮಾತು: ರಕ್ತ ಬರುತ್ತದೆ ಅನ್ನುವುದು. ಕ್ಲಿಪ್ಪಾ ಅಲೈನರ್ರಾ ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲು ವಸಡು ತೋರಿಸಿ.

ನಮ್ಮೂರಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಅದರಲ್ಲೊಂದಕ್ಕೆ ನಾನು ಹೋದದ್ದು. ಕ್ಲಿಪ್ ವಿಭಾಗದವರು ಬಾಯಿ ನೋಡಿದವರೇ ನೇರವಾಗಿ ವಸಡಿನ ವಿಭಾಗಕ್ಕೆ ಚೀಟಿ ಬರೆದು ಕಳಿಸಿದರು. ನನಗೆ ಬೇಜಾರಾಗಿತ್ತು. ಅಲ್ಲಿ ಸಣ್ಣ ಗುರುತುಗಳಿರುವ ಕಡ್ಡಿಯೊಂದನ್ನು ಪ್ರತಿ ಹಲ್ಲಿನ ಬುಡಕ್ಕೂ ಇಳಿಸಿ "ಮೂರು, ಮೂರು, ಐದು, ಆರು" ಅಂತ ಹೇಳುತ್ತಾ ಹೋದರು, ಪಕ್ಕದವರು ಬರೆದುಕೊಂಡರು. ಮೂರು ಮಿಲಿಮೀಟರ್‌ವರೆಗೆ ಸರಿಯಂತೆ. ಐದು, ಆರು ಬಂದ ಕಡೆ ಒಳಗೆ ಮೂಳೆ ಕರಗಿತ್ತು. ಎರಡು ತಿಂಗಳು ಆಳದ ಕ್ಲೀನಿಂಗ್ ಆಯಿತು, ಹಲ್ಲುಜ್ಜುವುದನ್ನೇ ಮತ್ತೆ ಕಲಿತೆ, ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಷ್ ಅಭ್ಯಾಸವಾಯಿತು. ರಕ್ತ ನಿಂತ ಮೇಲೇ ಕ್ಲಿಪ್ಪಿನ ಮಾತು. ಹಾಗೆ ಮಾಡದೆ ಹಾಕಿಬಿಟ್ಟಿದ್ದರೆ ಆ ಎರಡು ಹಲ್ಲು ಈಗ ನನ್ನ ಬಾಯಲ್ಲಿ ಇರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಆಮೇಲೆ ಪೂರ್ತಿ ಬಾಯಿಯ ಎಕ್ಸ್‌ರೇ, ಮುಖದ ಪಕ್ಕದಿಂದ ಒಂದು ಎಕ್ಸ್‌ರೇ, ಫೋಟೊ, ಹಲ್ಲಿನ ಅಚ್ಚು. ಎಲ್ಲ ಮುಂದಿಟ್ಟುಕೊಂಡು ಪ್ರೊಫೆಸರ್ ವಿವರಿಸಿದರು. ಮೇಲೆ ಎರಡು ಹಲ್ಲು ಮಾತ್ರ ಕೀಳಿಸಿದರು, ಕೆಳಗೆ ಒಂದೂ ಇಲ್ಲ. ನನಗೆ ಒಟ್ಟು 28,000 ಆಯಿತು, ಕಂತಿನಲ್ಲಿ ಕಟ್ಟಿದೆ. ಕಾಲೇಜಿನಲ್ಲಿ ನಿಮ್ಮನ್ನು ನೋಡುವವರು ಎಂಡಿಎಸ್, ಅಂದರೆ ದಂತವೈದ್ಯದ ಸ್ನಾತಕೋತ್ತರ ಪದವಿ, ಓದುತ್ತಿರುವ ಡಾಕ್ಟರ್. ಆ ಕೋರ್ಸ್ ಮೂರು ವರ್ಷದ್ದು, ಆದ್ದರಿಂದ ಮೊದಲ ವರ್ಷದವರ ಕೈಗೆ ಸಿಕ್ಕರೆ ಶುರುವಿಂದ ಕೊನೆತನಕ ಒಬ್ಬರೇ ನೋಡುತ್ತಾರೆ. ಕೇಳಿ ನೋಡಿ, ತಪ್ಪು ತಿಳಿಯುವುದಿಲ್ಲ. ಸಮಯ ಮಾತ್ರ ಜಾಸ್ತಿ ಹೋಗುತ್ತದೆ. ಪ್ರತಿ ತಿಂಗಳು ಅರ್ಧ ದಿನ ರಜೆ ಹಾಕಬೇಕಾಗುತ್ತಿತ್ತು.

ನೋವಿನ ಬಗ್ಗೆ ನಿಜ ಹೇಳುತ್ತೇನೆ. ಹಾಕಿದ ದಿನ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಇಡ್ಲಿ ಕಚ್ಚಿದಾಗ ಕಲ್ಲು ಕಚ್ಚಿದ ಹಾಗಾಯಿತು. ನಾಲ್ಕು ದಿನ ಗಂಜಿ, ಮೊಸರನ್ನ. ಆಮೇಲೆ ನೆನಪಾಯಿತು, ರಾಗಿ ಮುದ್ದೆ ಅಗಿಯುವ ಪದಾರ್ಥವೇ ಅಲ್ಲವಲ್ಲ! ಪ್ರತಿ ಸಲ ತಂತಿ ಬಿಗಿ ಮಾಡಿಸಿ ಬಂದ ರಾತ್ರಿ ನಮ್ಮನೆಯಲ್ಲಿ ಮುದ್ದೆ, ಬಸ್ಸಾರು. ಕಟಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದೆ. ಚಕ್ಕುಲಿ, ನಿಪ್ಪಟ್ಟು, ಕಬ್ಬು, ಸೀಬೆಕಾಯಿ ಇಡಿಯಾಗಿ ಕಚ್ಚುವುದು ಬಂದ್. ಬೆಣ್ಣೆ ದೋಸೆಗೆ ಅಡ್ಡಿ ಇಲ್ಲ, ಮಂಡಕ್ಕಿ ಮಾತ್ರ ತಂತಿ ಕೆಳಗೆ ಹೋಗಿ ಕೂತುಬಿಡುತ್ತದೆ, 26 ತಿಂಗಳು ಬಿಟ್ಟಿದ್ದೆ.

ಒಂದು ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಹಿಂದಿನ ತಂತಿಯ ತುದಿ ಕೆನ್ನೆಯೊಳಗೆ ಚುಚ್ಚಿ ಬಾಯೆಲ್ಲ ರಕ್ತದ ರುಚಿ. ಕನ್ನಡಿ ಮುಂದೆ ಮೊಬೈಲ್ ಬೆಳಕು ಹಿಡಿದು ಅವರು ಕೊಟ್ಟಿದ್ದ ಮೇಣ ಒತ್ತಿದೆ, ನಿಲ್ಲಲೇ ಇಲ್ಲ. ಆಮೇಲೆ ಗೊತ್ತಾದದ್ದು: ಮೊದಲು ಹತ್ತಿಯಿಂದ ಆ ಜಾಗದ ಎಂಜಲು ಒರೆಸಬೇಕು, ಬಟಾಣಿಯಷ್ಟು ಮೇಣ ಬೆರಳಲ್ಲಿ ಉಂಡೆ ಮಾಡಿ, ಬೆರಳಿನ ಬಿಸಿಗೇ ಮೆತ್ತಗಾದಮೇಲೆ ಒತ್ತಬೇಕು. ಮೇಣದ ಡಬ್ಬಿ ತಲೆದಿಂಬಿನ ಹತ್ತಿರವೇ ಇಟ್ಟುಕೊಳ್ಳಿ. ಬೆಳಿಗ್ಗೆ ಹೋದರೆ ತುದಿ ಕತ್ತರಿಸಿ ಕೊಡುತ್ತಾರೆ, ಐದು ನಿಮಿಷದ ಕೆಲಸ.

ಮಾತು? ನನ್ನ ಹೊಟ್ಟೆಪಾಡೇ ಮಾತು. ಮೊದಲ ವಾರ ಷಟ್ಪದಿ ಪಾಠ ಇತ್ತು, "ಷ" ಅನ್ನಲು ಹೋದರೆ ಬರೀ ಗಾಳಿ. ಮನೆಯಲ್ಲಿ ಅಡುಗೆ ಮಾಡುತ್ತಾ ಗಟ್ಟಿಯಾಗಿ ಓದಿ ಓದಿ ಹತ್ತು ದಿನಕ್ಕೆ ಸರಿಯಾಯಿತು. ಮಕ್ಕಳು ನಗುತ್ತಾರೆ ಅಂದುಕೊಂಡಿದ್ದೆ, ಯಾರೂ ನಗಲಿಲ್ಲ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು, ಯಾವಾಗಲೂ ಕೈ ಅಡ್ಡ ಇಟ್ಟುಕೊಂಡೇ ಮಾತಾಡುವವಳು, ಸ್ಟಾಫ್ ರೂಮ್ ಬಾಗಿಲಿಗೆ ಬಂದು ಕೇಳಿದಳು: "ಮಿಸ್, ಮಲಗುವಾಗ ಇದನ್ನ ಬಿಚ್ಚಿಡ್ತೀರಾ?"

ನನಗೆ ಯಾರೂ ಮೊದಲೇ ಹೇಳದೇ ಇದ್ದದ್ದು ಒಂದಿದೆ. ಹಲ್ಲು ಸಾಲಿಗೆ ಬಂದಮೇಲೆ ಕೆಳಗೆ ಎರಡು ಹಲ್ಲುಗಳ ನಡುವೆ, ವಸಡಿನ ಹತ್ತಿರ, ಪುಟ್ಟ ಕಪ್ಪು ತ್ರಿಕೋನ ಕಾಣಿಸಿಕೊಂಡಿತು. ವಸಡು ಇಳಿದಿರುವ ದೊಡ್ಡವರಲ್ಲಿ ಇದು ಆಗುತ್ತದಂತೆ. ಹಲ್ಲಿನ ಬದಿ ತುಸು ಸವೆಸಿ ಹತ್ತಿರ ತಂದರು, ಮುಕ್ಕಾಲು ಮುಚ್ಚಿದೆ. ಗೊತ್ತಿದ್ದರೆ ಅಷ್ಟು ಅಳುತ್ತಿರಲಿಲ್ಲ, ಅದಕ್ಕೇ ನಿಮಗೆ ಈಗಲೇ ಹೇಳುತ್ತಿದ್ದೇನೆ.

ಪಾವಗಡ ಕಡೆಯವನು, ಈಗ ತುಮಕೂರು

ಅಕ್ಕ, ನನಗೆ 29. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಆ ನೀರು ಕುಡಿದೇ ಬೆಳೆದವನು, ಹಲ್ಲಿನ ಮೇಲೆ ಕಂದು ಕಲೆ. ಇಂಥ ಹಲ್ಲಿಗೆ ಕ್ಲಿಪ್ ಅಂಟಿಸುವುದು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಮೊದಲು ಹೋದ ಕ್ಲಿನಿಕ್‌ನಲ್ಲಿ ನಾಲ್ಕು ತಿಂಗಳಲ್ಲಿ ಏಳು ಸಲ ಬಿದ್ದುಹೋಯಿತು, ಪ್ರತಿ ಸಲ ಮತ್ತೆ ಅಂಟಿಸಲು 300 ರೂಪಾಯಿ. ನಾನು ಗಟ್ಟಿ ತಿಂದದ್ದಕ್ಕೇ ಬಿತ್ತು ಅಂತ ಬೈಯ್ಯುತ್ತಿದ್ದರು. ನಾನು ಅನ್ನ ಸಾರು ಬಿಟ್ಟು ಏನೂ ತಿನ್ನುತ್ತಿರಲಿಲ್ಲ.

ಎರಡನೇ ಕಡೆಯ ಡಾಕ್ಟರ್ ಬಾಯಿ ತೆರೆಸಿದ ಕೂಡಲೇ "ಊರು ಯಾವುದು?" ಅಂದರು. ಕಲೆ ಇರುವ ಹಲ್ಲಿನ ಮೇಲ್ಪದರಕ್ಕೆ, ಕ್ಲಿಪ್ ಅಂಟಿಸುವ ಮುಂಚೆ ಹಚ್ಚುವ ಆಸಿಡ್ ಜೆಲ್ ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ, ಅದಕ್ಕೆ ಗೋಂದು ಕಚ್ಚಿಕೊಳ್ಳುವುದಿಲ್ಲ ಅಂತ ವಿವರಿಸಿದರು. ಹೆಚ್ಚು ಹೊತ್ತು ಜೆಲ್ ಬಿಟ್ಟು ಅಂಟಿಸಿದರು. ಆಮೇಲೆ ಒಂದೂವರೆ ವರ್ಷದಲ್ಲಿ ಎರಡೇ ಸಲ ಬಿದ್ದದ್ದು. ಕೋಲಾರ, ಚಿಕ್ಕಬಳ್ಳಾಪುರ, ಕೊಪ್ಪಳ ಕಡೆಯವರು ಯಾರಾದರೂ ಓದುತ್ತಿದ್ದರೆ ಮೊದಲೇ ಈ ಮಾತು ಎತ್ತಿ. ಮತ್ತೆ ಅಂಟಿಸಲು ದುಡ್ಡಾ, ಕೊನೆಗೆ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡಲು ಕೊಡುವ ರಿಟೇನರ್‌ಗೆ ಬೇರೆ ದುಡ್ಡಾ, ಎಲ್ಲ ಬರೆಸಿಕೊಳ್ಳಿ.

ಇನ್ನೊಂದು, ಹಾಕಿಸುವ ಮುಂಚೆ ಹಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಕ್ಲಿಪ್ಪಿನ ಸುತ್ತ ಸರಿಯಾಗಿ ಉಜ್ಜದಿದ್ದರೆ ಬಿಳಿ ಮಚ್ಚೆ ಬೀಳುತ್ತದೆ. ಹಳೇ ಕಲೆ ಯಾವುದು, ಹೊಸದು ಯಾವುದು ಅಂತ ಆಮೇಲೆ ತಿಳಿಯಬೇಕಲ್ಲ.

ಅಲೈನರ್ ಹಾಕಿಸಿಕೊಂಡವನು, ಬೆಂಗಳೂರು

ದಿನಕ್ಕೆ 22 ಗಂಟೆ ಬಾಯಲ್ಲಿರಬೇಕು. ಈ ಒಂದು ಮಾತಿಗೆ ನಿಮ್ಮ ಕೆಲಸ, ಅಭ್ಯಾಸ ಒಪ್ಪುತ್ತಾ ನೋಡಿಕೊಳ್ಳಿ. ನನಗೆ ಆಫೀಸಲ್ಲಿ ದಿನಕ್ಕೆ ನಾಲ್ಕು ಸಲ ಬೈ ಟು ಕಾಫಿ. ಪ್ರತಿ ಸಲ ಬಿಚ್ಚಿ, ಕುಡಿದು, ಬಾಯಿ ಮುಕ್ಕಳಿಸಿ, ಅಲೈನರ್ ತಟ್ಟೆ ತೊಳೆದು ಮತ್ತೆ ಹಾಕಬೇಕು. ಬಿಸಿ ನೀರಲ್ಲಿ ತೊಳೆದರೆ ತಟ್ಟೆಯ ಆಕಾರವೇ ಕೆಡುತ್ತದೆ. ಮೊದಲೆರಡು ತಿಂಗಳು ನಾನು 15, 16 ಗಂಟೆಗೇ ನಿಲ್ಲಿಸಿದೆ. ಹಲ್ಲು ಪ್ಲಾನಿನಂತೆ ಸರಿಯಲಿಲ್ಲ, ಐದನೇ ತಟ್ಟೆ ಕೂರಲೇ ಇಲ್ಲ, ಮತ್ತೆ ಸ್ಕ್ಯಾನ್. 24 ತಟ್ಟೆ ಅಂದಿದ್ದು ಕೊನೆಗೆ 38 ಆಯಿತು. ಕಾಫಿ ಎರಡಕ್ಕೆ ಇಳಿಸಿದ ಮೇಲೆ ಸರಿಹೋಯಿತು, ಈಗ ಫಲಿತಾಂಶ ನೋಡಿ ನನಗೆ ನಿಜಕ್ಕೂ ಸಂತೋಷ ಇದೆ.

ಅಲೈನರ್ ಹಾಕಿದ್ದು ಯಾರಿಗೂ ಕಾಣಿಸುವುದೇ ಇಲ್ಲ ಅಂತಾರೆ, ಅದು ಅಷ್ಟು ಸರಿಯಲ್ಲ. ತಟ್ಟೆ ಹಿಡಿದುಕೊಳ್ಳಲು ಹಲ್ಲಿನ ಮೇಲೆ ಹಲ್ಲಿನ ಬಣ್ಣದ್ದೇ ಸಣ್ಣ ಗುಬುಟು ಅಂಟಿಸುತ್ತಾರೆ.

ಮನೆಯಲ್ಲೇ ಅಚ್ಚು ತೆಗೆದು ಕೊರಿಯರ್‌ನಲ್ಲಿ ತಟ್ಟೆ ಕಳಿಸುವವರ ಹತ್ತಿರ ದಯವಿಟ್ಟು ಹೋಗಬೇಡಿ. ಎಕ್ಸ್‌ರೇ ಇಲ್ಲದೆ ಬೇರು ಹೇಗಿದೆ, ಮೂಳೆ ಎಷ್ಟಿದೆ ಅಂತ ಯಾರಿಗೆ ಗೊತ್ತಾಗುತ್ತದೆ? ಅಮೆರಿಕದಲ್ಲಿ ಹೀಗೆ ಅಂಚೆಯಲ್ಲಿ ಕಳಿಸುತ್ತಿದ್ದ ದೊಡ್ಡ ಕಂಪನಿಯೊಂದು 2023ರ ಡಿಸೆಂಬರ್‌ನಲ್ಲಿ ದಿಢೀರನೆ ಬಾಗಿಲು ಹಾಕಿತು, ಚಿಕಿತ್ಸೆಯ ನಡುವೆ ಇದ್ದವರು ಬೀದಿಯಲ್ಲಿ ನಿಂತರು.

ಆರ್ಥೊಡಾಂಟಿಸ್ಟ್ (ಹಲ್ಲಿನ ಸಾಲು ಸರಿಪಡಿಸುವ ದಂತ ತಜ್ಞ), ಹುಬ್ಬಳ್ಳಿ

ಮೇಡಂ, ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ವಯಸ್ಸು ಅಡ್ಡಿಯಲ್ಲ, ವಸಡಿನ ಕಾಯಿಲೆ ಅಡ್ಡಿ. ಹಲ್ಲಿಗೂ ಮೂಳೆಗೂ ನಡುವೆ ತೆಳ್ಳಗಿನ ನಾರಿನ ಪದರವಿದೆ. ನಾವು ಒತ್ತಿದ ಕಡೆ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸದು ಬೆಳೆಯುತ್ತದೆ, ಹಲ್ಲು ತಿಂಗಳಿಗೆ ಒಂದು ಮಿಲಿಮೀಟರ್ ಆಸುಪಾಸು ಸರಿಯುತ್ತದೆ. ಇದು 60ರಲ್ಲೂ ನಡೆಯುತ್ತದೆ. ನಡುವೆ ಹಲ್ಲು ತುಸು ಅಲ್ಲಾಡುವುದು ಸಹಜ, ಆಮೇಲೆ ಬಿಗಿಯಾಗುತ್ತದೆ. ಆದರೆ ಉರಿಯೂತ ಇರುವ ವಸಡಿನಲ್ಲಿ ಒತ್ತಡ ಹಾಕಿದರೆ ಕರಗಿದ ಮೂಳೆ ವಾಪಸ್ ಬರುವುದಿಲ್ಲ. ದೊಡ್ಡವರಲ್ಲಿ ಆಗದ ಕೆಲಸವೂ ಇದೆ. ಬಾಯಿಯ ಅಂಗುಳಿನ ಮೂಳೆಯ ಜೋಡಣೆ ಆಗಲೇ ಕೂಡಿಕೊಂಡಿರುವುದರಿಂದ ಮಕ್ಕಳಿಗೆ ಮಾಡಿದಷ್ಟು ಸಲೀಸಾಗಿ ಅದನ್ನು ಅಗಲಿಸಲು ಬರುವುದಿಲ್ಲ. ದವಡೆಯೇ ಹಿಂದು ಮುಂದು ಆಗಿದ್ದರೆ ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಕೆಳಗಿನ ಹಲ್ಲು ವಯಸ್ಸಾದಂತೆ ಒತ್ತಿಕೊಳ್ಳುವುದು ಗಂಡಸರಲ್ಲೂ ಇದೆ, ಅದಕ್ಕೆ ಹೆರಿಗೆಯನ್ನು ದೂರಬೇಡಿ. ಆದರೆ ಮೂಳೆ ಕರಗಿದರೂ ಹಲ್ಲು ಜಾಗ ಬಿಡುತ್ತದೆ. ನಿಮ್ಮದು ಯಾವುದು ಅನ್ನುವುದೇ ಮೊದಲ ಪ್ರಶ್ನೆ.

ಇಬ್ಬರು ಎರಡು ಥರ ಹೇಳಿದ್ದು ಮೋಸ ಅಂತಲೇ ಅಲ್ಲ. ಎಲ್ಲವೂ ಜಾಗದ ಲೆಕ್ಕ. ಮೂರು ನಾಲ್ಕು ಮಿಲಿಮೀಟರ್ ಜಾಗ ಬೇಕಿದ್ದರೆ ಹಲ್ಲುಗಳ ಬದಿಯನ್ನು ಕೂದಲೆಳೆಯಷ್ಟು ಸವೆಸಿ ಹೊಂದಿಸಬಹುದು. ಉಬ್ಬು ಹಲ್ಲು ಒಳಕ್ಕೆ ಹೋಗಬೇಕು, ತುಟಿ ಸಲೀಸಾಗಿ ಮುಚ್ಚಬೇಕು ಅಂದರೆ ಅಷ್ಟು ಸಾಲದು. ಕೋರೆಹಲ್ಲಿನ ಹಿಂದಿನ ಚಿಕ್ಕ ದವಡೆ ಹಲ್ಲು ಒಂದೊಂದೂ ಸುಮಾರು ಏಳು ಮಿಲಿಮೀಟರ್ ಜಾಗ ಕೊಡುತ್ತದೆ, ಅದಕ್ಕೇ ಅದನ್ನು ಕೀಳುತ್ತೇವೆ. ಇಬ್ಬರ ಹತ್ತಿರವೂ ಒಂದೇ ಪ್ರಶ್ನೆ ಕೇಳಿ: ನನಗೆ ಎಷ್ಟು ಮಿಲಿಮೀಟರ್ ಜಾಗ ಬೇಕು, ಅದನ್ನು ಎಲ್ಲಿಂದ ತರುತ್ತೀರಿ, ಮುಗಿದಮೇಲೆ ಪಕ್ಕದಿಂದ ಮುಖ ಹೇಗೆ ಕಾಣುತ್ತದೆ? ಉತ್ತರ ಕೊಡಲಾಗದವರ ಹತ್ತಿರ ಶುರು ಮಾಡಬೇಡಿ. ಅವರು ಈ ವಿಷಯದಲ್ಲೇ ಎಂಡಿಎಸ್ ಮಾಡಿದವರಾ ಅಂತಲೂ ಕೇಳಿ.

ಕಣ್ಣಿನ ಮಾತು ಬಿಟ್ಟುಬಿಡಿ. ಕಣ್ಣಿನ ನರ ಬೇರೆ, ಹಲ್ಲಿನ ನರ ಬೇರೆ. ಸಕ್ಕರೆ ಕಾಯಿಲೆ, ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್, ಎಲೆ ಅಡಿಕೆ ತಂಬಾಕಿನ ಅಭ್ಯಾಸ, ಇವು ಇದ್ದರೆ ಮುಚ್ಚಿಡದೆ ಹೇಳಿ.

ಎರಡನೇ ಸಲ ಕ್ಲಿಪ್ ಹಾಕಿಸಿಕೊಂಡವಳು, ಮೈಸೂರು

ನನ್ನದು ಚಿಕ್ಕ ಮಾತು. 17ರಲ್ಲಿ ಅಪ್ಪ ಸಾಲ ಮಾಡಿ ಕ್ಲಿಪ್ ಹಾಕಿಸಿದ್ದರು, ಹಲ್ಲು ಮುತ್ತಿನ ಹಾಗೆ ಆಗಿತ್ತು. ಅಕ್ಕನ ಮದುವೆ ಊಟಕ್ಕೆ ಕೂತಾಗ ರಿಟೇನರ್ ಬಿಚ್ಚಿ ಪೇಪರ್ ನ್ಯಾಪ್‌ಕಿನ್‌ನಲ್ಲಿ ಸುತ್ತಿ ಎಲೆ ಪಕ್ಕ ಇಟ್ಟೆ. ಕೈ ತೊಳೆದು ಬರುವಷ್ಟರಲ್ಲಿ ಎಲೆ ಎತ್ತಿಬಿಟ್ಟಿದ್ದರು. ಛತ್ರದ ಹಿಂದೆ ಎಲೆ ರಾಶಿಯಲ್ಲಿ ರೇಷ್ಮೆ ಸೀರೆ ಎತ್ತಿಕಟ್ಟಿಕೊಂಡು ಅಮ್ಮ ಹುಡುಕಿದಳು, ಸಿಗಲಿಲ್ಲ. ಹೊಸದು ಮಾಡಿಸಲು ಹೇಳುವ ಧೈರ್ಯ ನನಗಿರಲಿಲ್ಲ. ಒಂದೆರಡು ವರ್ಷದಲ್ಲೇ ಹಲ್ಲು ಮೆಲ್ಲಗೆ ಹಿಂದಿನ ಜಾಗಕ್ಕೆ ಹೊರಟವು. ಈಗ 33, ನನ್ನ ಸಂಬಳದಲ್ಲಿ ಮತ್ತೆ ಹಾಕಿಸಿಕೊಂಡಿದ್ದೇನೆ. ರಿಟೇನರ್ ರಾತ್ರಿ ಹೊತ್ತು ಕೊನೆತನಕ ಹಾಕಬೇಕು. ಗಟ್ಟಿ ಡಬ್ಬಿ ತಗೊಳ್ಳಿ, ಪೇಪರಿನಲ್ಲಿ ಮಾತ್ರ ಸುತ್ತಬೇಡಿ.

ಕೇಳಿದವರು, ರಾಣೆಬೆನ್ನೂರು

ಓದುತ್ತಾ ಕಣ್ಣು ತುಂಬಿ ಬಂತು. ಇಬ್ಬರಲ್ಲಿ ಒಬ್ಬರೂ ಆ ಕಡ್ಡಿ ಇಟ್ಟು ಅಳತೆ ಮಾಡಲಿಲ್ಲ. ಒಬ್ಬರು ಎಕ್ಸ್‌ರೇ ಕೂಡ ತೆಗೆಸಲಿಲ್ಲ, ಬರೀ ಸ್ಕ್ಯಾನ್ ಮಾಡಿ ದುಡ್ಡು ಹೇಳಿದರು. ನಾಲ್ಕನೇ ಶನಿವಾರ ಬ್ಯಾಂಕ್ ರಜೆ, ಅವತ್ತೇ ದಾವಣಗೆರೆಗೆ ಬಂದು ಮೊದಲು ವಸಡು ತೋರಿಸುತ್ತೇನೆ. ಕ್ಲಿಪ್ಪಿನ ಮಾತು ಆಮೇಲೆ. ಟೀಚರ್, ಹೆಸರು ಬರೆಸಲು ಎಷ್ಟು ಹೊತ್ತಿಗೆ ಅಲ್ಲಿರಬೇಕು?

ಕನ್ನಡ ಟೀಚರ್, ದಾವಣಗೆರೆ

ಒಂಬತ್ತಕ್ಕೆಲ್ಲ ಬಂದುಬಿಡಿ, ತಡವಾದರೆ ಸಾಲು ಉದ್ದ. ಮುಂಚಿನ ದಿನ ಫೋನ್ ಮಾಡಿ ಶನಿವಾರ ಎಷ್ಟು ಹೊತ್ತಿನವರೆಗೆ ನೋಡುತ್ತಾರೆ ಅಂತ ಕೇಳಿಕೊಳ್ಳಿ. ತಿಂಡಿ ತಿಂದು, ಹಲ್ಲುಜ್ಜಿಕೊಂಡು ಬನ್ನಿ. ಆ ಎಕ್ಸ್‌ರೇ ತೆಗೆಸಿದವರ ಹತ್ತಿರ ಫಿಲ್ಮ್ ಇಸಕೊಂಡು ಬನ್ನಿ, ನಿಮ್ಮ ದುಡ್ಡಿನಲ್ಲಿ ತೆಗೆದದ್ದು, ಕೊಡುತ್ತಾರೆ. ನನಗೂ ಅವತ್ತು ಮಧ್ಯಾಹ್ನದಿಂದ ಬಿಡುವು. ನಿಮ್ಮದು ಮುಗಿಯುವ ಹೊತ್ತಿಗೆ ಕಾಲೇಜಿನ ಗೇಟಿನ ಹತ್ತಿರ ಬಂದು ನಿಂತಿರುತ್ತೇನೆ.