ಅಪ್‌ಡೇಟ್: ರಾತ್ರಿಯಲ್ಲೂ ಕ್ಯಾಮೆರಾದಲ್ಲಿ ಬಣ್ಣ ಬಂತು

ರಾತ್ರಿಯಾದರೆ ನನ್ನ ಸಿಸಿಟಿವಿ ಕ್ಯಾಮೆರಾ ಯಾಕೆ ಕಪ್ಪು-ಬಿಳುಪಿಗೆ ತಿರುಗುತ್ತದೆ, ಕೆಲವು ಕ್ಯಾಮೆರಾಗಳು ಮಾತ್ರ ಬಣ್ಣ ಹೇಗೆ ತೋರಿಸುತ್ತವೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕಾರಣ ಈಗ ಅರ್ಥವಾಗಿದೆ. ಹಗಲಲ್ಲಿ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಮುಂದೆ ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಬೆಳಕನ್ನು ತಡೆಯುವ ಫಿಲ್ಟರ್ ಇರುತ್ತದೆ. ಕತ್ತಲಾದಾಗ ಅದು ಪಕ್ಕಕ್ಕೆ ಸರಿಯುತ್ತದೆ. ಸಂಜೆ ಕೇಳಿಸುತ್ತಿದ್ದ 'ಟಿಕ್' ಸದ್ದು ಅದರದ್ದೇ! ಆಮೇಲೆ ಕ್ಯಾಮೆರಾದ ಇನ್‌ಫ್ರಾರೆಡ್ (ಐಆರ್) ಎಲ್‌ಇಡಿ ದೀಪ ಹತ್ತುತ್ತದೆ, ಸಾಮಾನ್ಯವಾಗಿ 850 ನ್ಯಾನೋಮೀಟರ್‌ನದು. ಆ ಬೆಳಕು ಕೆಂಪು, ಹಸಿರು, ನೀಲಿ ಪಿಕ್ಸೆಲ್‌ಗಳಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ವ್ಯತ್ಯಾಸವೇ ಇಲ್ಲದ ಮೇಲೆ ಬಣ್ಣ ಎಲ್ಲಿಂದ ಬರಬೇಕು, ಅಲ್ವಾ?

ಮೊದಲು ಹಳೆಯ ಕ್ಯಾಮೆರಾವನ್ನೇ ಕಲರ್ ಮೋಡ್‌ನಲ್ಲಿ ಇಟ್ಟೆ. ಚಿತ್ರದ ತುಂಬ ಕಾಳುಕಾಳು. ಹೆಚ್ಚು ಬೆಳಕು ಸಿಗಲಿ ಅಂತ ಶಟರ್ ವೇಗವನ್ನು (ಒಂದೊಂದು ಚಿತ್ರಕ್ಕೆ ಬೆಳಕು ಹಿಡಿಯುವ ಸಮಯ) 1/6 ಸೆಕೆಂಡಿಗೆ ಇಳಿಸಿದೆ. ಗೋಡೆ, ಗಿಡ ಎಲ್ಲ ಚೆನ್ನಾಗಿ ಕಂಡವು, ಆದರೆ ನಡೆದು ಹೋದವರ ಮುಖ ಗುರುತೇ ಸಿಗದಷ್ಟು ಕಲಸಿಹೋಯಿತು. ಕಾವಲಿಗೆ ಇದು ಪ್ರಯೋಜನವಿಲ್ಲ.

ಕೊನೆಗೆ ಎಫ್1.0 ಲೆನ್ಸ್, ದೊಡ್ಡ ಸೆನ್ಸರ್ ಇರುವ ಕ್ಯಾಮೆರಾ ಹಾಕಿಸಿದೆ. ಹಳೆಯದು ಎಫ್2.0. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಲೆಕ್ಕದಲ್ಲಿ ನಾಲ್ಕು ಪಟ್ಟು ಜಾಸ್ತಿ ಬೆಳಕು! ಶಟರ್ 1/25 ಸೆಕೆಂಡಿನಲ್ಲೇ ಇದ್ದರೂ ಅಂಗಿಯ ಬಣ್ಣ ಸ್ಪಷ್ಟ. ಆದರೆ ಒಂದು ಮಾತು: ಗೇಟಿನ ಬಳಿ ಸಣ್ಣ ದೀಪ ಉರಿಯುತ್ತಿರಬೇಕು. ಅದನ್ನು ಆರಿಸಿದರೆ ಕ್ಯಾಮೆರಾ ತನ್ನದೇ ಬಿಳಿ ದೀಪ ಹಚ್ಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವ ಬೆಳಕು ಒಂದಿಷ್ಟೂ ಇಲ್ಲದೆ ನಿಜವಾದ ಬಣ್ಣ ಸಿಗುವುದಿಲ್ಲ.

ಇಂಥ ಲೆನ್ಸ್‌ನಲ್ಲಿ ಫೋಕಸ್ ಆಗುವ ಆಳ ಕಡಿಮೆ, ಅಂದರೆ ಫೋಕಸ್ ಇಟ್ಟ ದೂರದ ಆಸುಪಾಸು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ಗೇಟಿಗೇ ಫೋಕಸ್ ಕೂರಿಸಿದ್ದೇನೆ.