1926ರ ಇಟ್ಟಿಗೆ ಮನೆ: ಗಾರೆ ಗಟ್ಟಿಯಾಗಿ ನಿಂತಿದೆ, ಇಟ್ಟಿಗೆಯೇ ಉದುರುತ್ತಿದೆ

ಬರ್ವಿನ್_ಬಂಗಲೆ · ಏಪ್ರಿಲ್ 6

ಎಲ್ಲರಿಗೂ ನಮಸ್ಕಾರ. ಶಿಕಾಗೋ ಪಕ್ಕದ ಬರ್ವಿನ್‌ನಲ್ಲಿ ನಮ್ಮದೊಂದು ಇಟ್ಟಿಗೆ ಬಂಗಲೆ ಇದೆ. 1926ರಲ್ಲಿ ಕಟ್ಟಿದ್ದು. ಕೊಂಡು ಮೂರು ವರ್ಷ ಆಯಿತು. ಸಂದಿನ ಗಾರೆ ಅಲ್ಲಲ್ಲಿ ಉದುರುತ್ತಿತ್ತು ಅಂತ ಆ ವರ್ಷವೇ ಟಕ್‌ಪಾಯಿಂಟಿಂಗ್ ಮಾಡಿಸಿದೆವು. ಹಳೇ ಗಾರೆ ಕೆರೆದು ಹೊಸದು ತುಂಬಿದರು. ನವೆಂಬರ್ ಕೊನೆ ವಾರದಲ್ಲಿ ಎರಡೇ ದಿನದಲ್ಲಿ ಮುಗಿಸಿಬಿಟ್ಟರು. ನೋಡಲು ಚೆನ್ನಾಗಿತ್ತು.

ಈ ಸಲ ಹಿಮ ಕರಗಿದ ಮೇಲೆ ಪಕ್ಕದ ಗೋಡೆ ನೋಡಿ ಗಾಬರಿಯಾಯಿತು. ಇಟ್ಟಿಗೆಯ ಮುಖ ಹಕ್ಕಳೆ ಎದ್ದು ಕಳಚಿ ಬಿದ್ದಿದೆ. ನೆಲದ ಮೇಲೆಲ್ಲ ಕೆಂಪು ಚೂರು. ಆದರೆ ಹೊಸ ಗಾರೆಗೆ ಏನೂ ಆಗಿಲ್ಲ. ಇಟ್ಟಿಗೆ ಒಳಕ್ಕೆ ಹೋಗಿ ಗಾರೆ ಮಾತ್ರ ಜೇನುಗೂಡಿನ ಅಂಚಿನ ಹಾಗೆ ಹೊರಗೆ ನಿಂತಿದೆ. ಕಿಟಕಿಗಳ ಕೆಳಗೆ ಜಾಸ್ತಿ. ಚಿಮಣಿಯ ಮೇಲ್ಭಾಗ ಇನ್ನೂ ಕೆಟ್ಟದಾಗಿದೆ. ಮೂರು ಜನರಿಂದ ಕೊಟೇಶನ್ ತರಿಸಿದ್ದೇನೆ. ಒಬ್ಬರು ನೀರು ಇಳಿಯದಂತೆ ಮೇಲೆ ಸೀಲರ್ ದ್ರವ ಹೊಡೆದರೆ ಸಾಕು ಅಂದರು. ಇನ್ನೊಬ್ಬರು ಇನ್ನೂ ಗಟ್ಟಿ ಗಾರೆ ಹಾಕೋಣ ಅಂದರು. ಮೂರನೆಯವರು ಇಡೀ ಪಕ್ಕದ ಗೋಡೆಯ ಹೊರಪದರ ಬದಲಿಸಬೇಕು ಅಂದರು. ಯಾರನ್ನು ನಂಬುವುದು?

ಹಳೇಗೋಡೆ · ಏಪ್ರಿಲ್ 6

ಮೇಡಂ, ಸದ್ಯಕ್ಕೆ ಮೂವರಿಗೂ ಹೂಂ ಅನ್ನಬೇಡಿ. ಯಾವುದಕ್ಕೂ ಸಹಿ ಹಾಕಬೇಡಿ. ಗಾರೆ ಉಳಿದು ಇಟ್ಟಿಗೆ ಹೋಗಿದೆ ಅಂದರಲ್ಲ, ಉತ್ತರ ಅಲ್ಲೇ ಇದೆ. ಹಿಂದಿನವರು ಹಾಕಿದ ಗಾರೆ ನಿಮ್ಮ ಇಟ್ಟಿಗೆಗಿಂತ ಗಟ್ಟಿ.

ನಾನಿರುವುದು ಮಿಲ್ವಾಕೀಯಲ್ಲಿ. ನಮ್ಮದು ಇಲ್ಲಿನ ಹಳದಿ ಕ್ರೀಮ್ ಸಿಟಿ ಇಟ್ಟಿಗೆಯ ಮನೆ, ಅದೂ ಮೆದು. ಇದೇ ತಪ್ಪು ನಮ್ಮ ಮನೆಯಲ್ಲೂ ಆಗಿತ್ತು, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಜನವರಿಯ ಕಡು ಚಳಿಗಿಂತ ಮಾರ್ಚ್ ತಿಂಗಳೇ ಗೋಡೆಗೆ ಅಪಾಯ. ಹಗಲು ಹಿಮ ಕರಗಿ ನೀರು ಇಟ್ಟಿಗೆಯೊಳಗೆ ಇಳಿಯುತ್ತದೆ, ರಾತ್ರಿ ಅದೇ ನೀರು ಹೆಪ್ಪುಗಟ್ಟುತ್ತದೆ. ದಿನಾ ಇದೇ ನಡೆಯುತ್ತದೆ. ಹಳೇ ಮನೆಗಳಲ್ಲಿ ಸುಣ್ಣ ಜಾಸ್ತಿ ಇರುವ ಮೆದು ಗಾರೆ ಇರುತ್ತಿತ್ತು. ಒಳಗಿನ ತೇವ ಸಂದಿನ ಮೂಲಕ ಹೊರಗೆ ಹೋಗುತ್ತಿತ್ತು. ಸವೆದರೆ ಗಾರೆ ಸವೆಯುತ್ತಿತ್ತು, ಇಟ್ಟಿಗೆ ಉಳಿಯುತ್ತಿತ್ತು. ಸಂದಿಗೆ ಗಟ್ಟಿ ಸಿಮೆಂಟು ತುಂಬಿದರೆ ಆ ದಾರಿ ಮುಚ್ಚಿಹೋಗುತ್ತದೆ. ತೇವ ಇಟ್ಟಿಗೆಯ ಮುಖದಿಂದಲೇ ಹೊರಬರಬೇಕು, ಅಲ್ಲೇ ಹೆಪ್ಪುಗಟ್ಟುತ್ತದೆ, ಮುಖ ಕಳಚುತ್ತದೆ.

ನಮ್ಮೂರಲ್ಲಿ ಸಿಮೆಂಟ್ ಜಾಸ್ತಿ ಹಾಕಿದಷ್ಟೂ ಕೆಲಸ ಗಟ್ಟಿ ಅಂತ ಕೇಳುತ್ತಾ ಬೆಳೆದವರು ನಾವು. ಇಲ್ಲಿನ ಹಳೇ ಇಟ್ಟಿಗೆಯ ಮುಂದೆ ಆ ಲೆಕ್ಕ ನಡೆಯುವುದಿಲ್ಲ.

ಒಂದು ಕೆಲಸ ಮಾಡಿ. ಮನೆ ಬೀಗದ ಕೈಯಿಂದ ಹೊಸ ಗಾರೆಯನ್ನು ಗೀರಿ. ಯಾರೂ ಮುಟ್ಟದ ಹಳೇ ಗಾರೆ ನೆಲಮಾಳಿಗೆಯಲ್ಲಿ ಎಲ್ಲಾದರೂ ಇದ್ದರೆ ಅದನ್ನೂ ಗೀರಿ. ಏನಾಯಿತು ಅಂತ ಬರೆಯಿರಿ.

ಬರ್ವಿನ್_ಬಂಗಲೆ · ಏಪ್ರಿಲ್ 8

ಗೀರಿ ನೋಡಿದೆ ಸರ್. ನೆಲಮಾಳಿಗೆಯ ಹಳೇ ಗಾರೆ ಪುಡಿಪುಡಿಯಾಗಿ ಉದುರಿತು, ಬಣ್ಣ ಬಿಳಿ. ಹೊರಗಿನ ಹೊಸ ಗಾರೆಯ ಮೇಲೆ ಬೀಗದ ಕೈಯ ಲೋಹದ ಗೆರೆ ಮಾತ್ರ ಬಿತ್ತು. ಮುಂಭಾಗದ ನುಣುಪು ಇಟ್ಟಿಗೆಗೆ ಅಷ್ಟೇನೂ ಆಗಿಲ್ಲ. ಹಾಳಾಗಿರುವುದೆಲ್ಲ ಪಕ್ಕದ ಗೋಡೆಯದ್ದು.

ಹಳೇಗೋಡೆ · ಏಪ್ರಿಲ್ 8

ಶಿಕಾಗೋ ಬಂಗಲೆಗಳೇ ಹಾಗೆ. ಬೀದಿಗೆ ಕಾಣುವ ಕಡೆ ಚೆನ್ನಾಗಿ ಸುಟ್ಟ ಇಟ್ಟಿಗೆ, ಪಕ್ಕಕ್ಕೂ ಹಿಂದಕ್ಕೂ ಸ್ಥಳೀಯ ಜೇಡಿಮಣ್ಣಿನ 'ಶಿಕಾಗೋ ಕಾಮನ್' ಇಟ್ಟಿಗೆ. ಒಂದೇ ಗೋಡೆಯಲ್ಲಿ ಒಂದು ಗಟ್ಟಿ, ಪಕ್ಕದ್ದು ಮೆದು. ಇಟ್ಟಿಗೆಯ ಹೊರಚರ್ಮ ಒಮ್ಮೆ ಹೋದರೆ ಒಳಗಿನ ಮೆದು ಭಾಗ ಇನ್ನೂ ಜಾಸ್ತಿ ನೀರು ಕುಡಿಯುತ್ತದೆ. ಮುಂದಿನ ಚಳಿಗಾಲದೊಳಗೆ ಮಾಡಿಸಲೇಬೇಕು.

ನೇಪರ್‌ವಿಲ್_ಫ್ಲೂ · ಏಪ್ರಿಲ್ 9

ಗೋಡೆಯ ವಿಚಾರ ಸರಿ. ಚಿಮಣಿಯ ಬಗ್ಗೆ ಒಂದು ಪ್ರಶ್ನೆ, ಇದನ್ನು ದಯವಿಟ್ಟು ಬಿಡಬೇಡಿ. ಮನೆ ಕೊಂಡ ಮೇಲೆ ಫರ್ನೇಸ್, ಅಂದರೆ ಮನೆ ಬೆಚ್ಚಗಿಡುವ ಯಂತ್ರ, ಬದಲಿಸಿದ್ದೀರಾ? ಹೊಗೆ ಚಿಮಣಿಗೆ ಹೋಗದೆ ಬಿಳಿ ಪ್ಲಾಸ್ಟಿಕ್ ಪೈಪಿನಲ್ಲಿ ಪಕ್ಕದ ಗೋಡೆಯಿಂದ ಹೊರಬರುವಂಥದ್ದು?

ಬರ್ವಿನ್_ಬಂಗಲೆ · ಏಪ್ರಿಲ್ 9

ಹೌದು! ಎರಡು ವರ್ಷದ ಹಿಂದೆ. ನೀರು ಕಾಯಿಸುವ ಗ್ಯಾಸ್ ಹೀಟರ್ ಮಾತ್ರ ಹಳೆಯದೇ, ಅದರ ಹೊಗೆ ಈಗಲೂ ಚಿಮಣಿಗೇ ಹೋಗುತ್ತದೆ. ಅದಕ್ಕೂ ಇಟ್ಟಿಗೆಗೂ ಏನು ಸಂಬಂಧ?

ನೇಪರ್‌ವಿಲ್_ಫ್ಲೂ · ಏಪ್ರಿಲ್ 9

ನೇರ ಸಂಬಂಧ. ಮೊದಲು ಹಳೇ ಫರ್ನೇಸಿನ ಬಿಸಿ ಹೊಗೆ ಚಿಮಣಿಯನ್ನು ಒಳಗಿಂದ ಒಣಗಿಸಿ ಇಡುತ್ತಿತ್ತು. ಈಗ ಅಷ್ಟು ದೊಡ್ಡ ಚಿಮಣಿಯಲ್ಲಿ ಒಂದು ಸಣ್ಣ ಹೀಟರಿನ ಹೊಗೆ ಮಾತ್ರ. ಗ್ಯಾಸ್ ಉರಿದಾಗ ನೀರಿನ ಆವಿ ಬರುತ್ತದೆ. ತಣ್ಣಗಿರುವ ಚಿಮಣಿಯ ಗೋಡೆಗೆ ತಾಗಿ ಆ ಆವಿ ಒಳಗೇ ನೀರಾಗುತ್ತದೆ. ಅಂದರೆ ಚಿಮಣಿ ಮಳೆ ಇಲ್ಲದೆಯೂ ನೆನೆಯುತ್ತಿದೆ. ಹೊರಗಿನಿಂದ ಎಷ್ಟೇ ಒಳ್ಳೇ ಗಾರೆ ಹಾಕಿದರೂ ಎರಡು ಚಳಿಗಾಲಕ್ಕೆ ಮತ್ತೆ ಅದೇ ಗತಿ. ಹೀಟರಿಗೆ ಸರಿಯಾದ ಅಳತೆಯ ಲೋಹದ ಲೈನರ್, ಅಂದರೆ ಚಿಮಣಿಯೊಳಗೆ ಇಳಿಸುವ ಹೊಗೆ ಕೊಳವೆ, ಮೊದಲು ಹಾಕಿಸಿ. ಹೊಗೆ ಸರಿಯಾಗಿ ಮೇಲಕ್ಕೆ ಎಳೆಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಮನೆಯೊಳಗೆ ಬರಬಹುದು. ಅದರ ಅಲಾರಂ ಇದೆಯಾ, ಕೆಲಸ ಮಾಡುತ್ತಿದೆಯಾ ಇವತ್ತೇ ನೋಡಿ.

ಬರ್ವಿನ್_ಬಂಗಲೆ · ಏಪ್ರಿಲ್ 10

ಅಲಾರಂ ಇದೆ, ಒತ್ತಿ ನೋಡಿದೆ, ಸರಿಯಾಗಿದೆ. ಇದನ್ನು ಬಂದ ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಈಗ ಹೊಸದಾಗಿ ಜನ ಹುಡುಕುತ್ತೇನೆ. ಅವರನ್ನು ಏನು ಕೇಳಬೇಕು?

ಹಳೇಗೋಡೆ · ಏಪ್ರಿಲ್ 11

ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ನನ್ನ ಗೋಡೆಗೆ ಯಾವ ಗಾರೆ ಹಾಕುತ್ತೀರಿ, ಯಾಕೆ?" ಇಲ್ಲಿ ಗಾರೆಗೆ ಎಂ, ಎಸ್, ಎನ್, ಓ, ಕೆ ಅಂತ ಹೆಸರು. 'ಮೇಸನ್ ವರ್ಕ್' ಅನ್ನುವುದರ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಬಿಟ್ಟು ಒಂದು ಅಕ್ಷರ ಆರಿಸಿ ಇಟ್ಟ ಹೆಸರುಗಳು. ಎಂ ಎಲ್ಲಕ್ಕಿಂತ ಗಟ್ಟಿ. 28 ದಿನಕ್ಕೆ ಎಂ 2500 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ), ಎಸ್ 1800, ಎನ್ 750, ಓ 350 ತಡೆಯಬೇಕು ಅನ್ನುವುದು ಅಳತೆ. ಎನ್ ಅಂದರೆ ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು. ಓ ಅಂದರೆ ಒಂದಕ್ಕೆ ಎರಡು ಪಾಲು ಸುಣ್ಣ, ಒಂಬತ್ತು ಪಾಲು ಮರಳು. ನಿಮ್ಮ ಪಕ್ಕದ ಗೋಡೆಗೆ ಓ ಸರಿ ಅನಿಸುತ್ತದೆ. ಗಾಳಿ ಮಳೆಗೆ ಪೂರ್ತಿ ಒಡ್ಡಿಕೊಂಡ ಚಿಮಣಿಗೆ ಎನ್. "ಎಲ್ಲಾ ಕಡೆ ಎಸ್ ಹಾಕುತ್ತೇವೆ, ಗಟ್ಟಿ ಇರುತ್ತದೆ" ಅಂದವರಿಗೆ ಕಾಫಿ ಕೊಟ್ಟು ಕಳಿಸಿ.

ಎಷ್ಟು ಆಳ ಕೆರೆಯುತ್ತಾರೆ ಅಂತಲೂ ಕೇಳಿ. ಸಂದಿನ ಅಗಲದ ಎರಡು, ಎರಡೂವರೆ ಪಟ್ಟು ಆಳ ಬೇಕು, ಅಂದರೆ ಸಾಮಾನ್ಯವಾಗಿ ಮುಕ್ಕಾಲಿನಿಂದ ಒಂದು ಇಂಚು. ಮೇಲೆ ಸುಮ್ನೆ ಕಾಲಿಂಚು ಸವರಿದ್ದು ನಿಲ್ಲುವುದಿಲ್ಲ. ಎರಡು ದಿನದಲ್ಲಿ ಇಡೀ ಮನೆ ಮುಗಿಸಿದರು ಅಂದಿರಲ್ಲ, ಅದೇ ನನಗೆ ಅನುಮಾನ.

ಕಷ್ಟ ಇರುವುದು ಈಗಿರುವ ಗಟ್ಟಿ ಗಾರೆ ತೆಗೆಯುವುದರಲ್ಲಿ. ಗ್ರೈಂಡರ್ ಸ್ವಲ್ಪ ಜಾರಿದರೂ ಇಟ್ಟಿಗೆಯ ಅಂಚು ಹೋಗುತ್ತದೆ. ಅನುಭವ ಇರುವವರು ಸಂದಿನ ನಡುವೆ ಮಾತ್ರ ಕೊಯ್ದು, ಉಳಿದದ್ದನ್ನು ಉಳಿಯಿಂದ ತೆಗೆಯುತ್ತಾರೆ. ಕಾಣದ ಮೂಲೆಯಲ್ಲಿ ಮೂರಡಿ ಚದರದಷ್ಟು ಮಾದರಿ ಮಾಡಿ ತೋರಿಸಲು ಹೇಳಿ. ಅದಕ್ಕೆ ದುಡ್ಡು ಕೊಡಿ, ಬೇಜಾರಿಲ್ಲ. ಎಲ್ಲಾದರೂ ಗಾರೆ ಇಟ್ಟಿಗೆಗೆ ಬಿಗಿಯಾಗಿ ಹಿಡಿದು, ಇಟ್ಟಿಗೆಯೂ ಚೆನ್ನಾಗಿದ್ದರೆ ಅಲ್ಲಿ ಕೈ ಹಾಕಬೇಡಿ. ತೆಗೆಯಲು ಹೋಗಿಯೇ ಜಾಸ್ತಿ ಹಾಳಾಗುತ್ತದೆ.

ಮುಖ ಹೋದ ಇಟ್ಟಿಗೆಗಳಿಗೆ ಹಳೇ ಇಟ್ಟಿಗೆ ತಂದು ಹಾಕುತ್ತಾರೆ. ಕೆಡವಿದ ಕಟ್ಟಡದ ಇಟ್ಟಿಗೆಗಳಲ್ಲಿ ಎಷ್ಟೋ ಗೋಡೆಯ ಒಳಪದರದಲ್ಲಿದ್ದವು, ಮಳೆ ಹಿಮ ಕಾಣದವು. ಬಣ್ಣ ಹೊಂದಿತು ಅಂತ ಒಪ್ಪಬೇಡಿ. ಹೊರಗೋಡೆಯಲ್ಲಿ ಇದ್ದದ್ದನ್ನೇ ಆರಿಸಲು ಹೇಳಿ. ಕೆಲವು ಇಟ್ಟಿಗೆಗಳನ್ನು ಬಿಡಿಸಿ ತಿರುಗಿಸಿ ಹಾಕಬಹುದು, ಹಿಂದಿನ ಮುಖ ಚೆನ್ನಾಗಿರುತ್ತದೆ.

ಸೀಲರ್ ಮಾತು ಈಗ ಬೇಡ. ಮೇಲೆ ಪೊರೆ ಕಟ್ಟುವಂಥದ್ದಂತೂ ಬೇಡವೇ ಬೇಡ, ತೇವ ಒಳಗೇ ಸಿಕ್ಕಿಬೀಳುತ್ತದೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಕಿಟಕಿಯ ಕೆಳಗೆ ಜಾಸ್ತಿ ಅಂದರೆ ಕಿಟಕಿ ಕಟ್ಟೆಯ ಇಳಿಜಾರು, ಅಲ್ಲಿನ ಬಿರುಕು ನೋಡಿ. ಮಳೆ ಬಂದಾಗ ಕೊಡೆ ಹಿಡಿದು ಹೋಗಿ ಸೂರಿನ ಮಳೆನೀರಿನ ದೋಣಿ ಎಲ್ಲಿ ತುಳುಕುತ್ತಿದೆ ನೋಡಿ.

ಕೆಲಸದ ದಿನ ಮೇ ಮತ್ತು ಅಕ್ಟೋಬರ್ ಮೊದಲ ವಾರದ ನಡುವೆ ಇರಲಿ. 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಟಾರ್ಪಾಲು ಕಟ್ಟಿ ಬಿಸಿ ಮಾಡದೆ ಗಾರೆ ಕೆಲಸ ಮಾಡಬಾರದು. ನವೆಂಬರ್ ಕೊನೆಯಲ್ಲಿ ಹಾಗೇ ಮಾಡಿದ್ದು ನಿಮಗೆ ಎರಡನೇ ಪೆಟ್ಟು.

ನೇಪರ್‌ವಿಲ್_ಫ್ಲೂ · ಏಪ್ರಿಲ್ 11

ಕಾಗದಪತ್ರದ ಬಗ್ಗೆ ನಾನು ಸೇರಿಸುತ್ತೇನೆ. ನಿಮ್ಮ ಇಲಿನಾಯ್ ರಾಜ್ಯದಲ್ಲಿ 1000 ಡಾಲರ್ ಮೀರಿದ ಮನೆ ರಿಪೇರಿಗೆ ಬರಹದ ಒಪ್ಪಂದ ಕೊಡಲೇಬೇಕು, ಗ್ರಾಹಕರ ಹಕ್ಕುಗಳ ಕಿರುಪುಸ್ತಿಕೆಯನ್ನೂ ಕೊಡಬೇಕು. ಗಾರೆಯ ಅಕ್ಷರ, ಕೆರೆಯುವ ಆಳ, ಎಷ್ಟು ಇಟ್ಟಿಗೆ ಬದಲಾವಣೆ, ಹೆಚ್ಚಾದರೆ ಒಂದಕ್ಕೆ ಎಷ್ಟು, ಎಲ್ಲ ಅದರಲ್ಲಿ ಬರಲಿ. "ಅಗತ್ಯ ಇದ್ದಲ್ಲಿ ಟಕ್‌ಪಾಯಿಂಟಿಂಗ್" ಅಂತ ಒಂದೇ ಸಾಲು ಬರೆದರೆ ಒಪ್ಪಬೇಡಿ. ವಿಮೆಯ ಪ್ರಮಾಣಪತ್ರ ಅವರ ವಿಮಾ ಏಜೆಂಟರಿಂದಲೇ ನಿಮಗೆ ಬರಲಿ, ಕೆಲಸಗಾರರ ವಿಮೆಯೂ ಸೇರಿ. ಚಿಮಣಿ ಹತ್ತಿದವರು ಬಿದ್ದರೆ ಅವರ ಸಂಸಾರದ ಪ್ರಶ್ನೆ ಅದು.

ಕಂತು ಕೊಡುವಾಗಲೆಲ್ಲ ಲೀನ್ ವೇವರ್, ಅಂದರೆ ಮನೆಯ ಮೇಲೆ ಹಕ್ಕು ಹೂಡುವುದಿಲ್ಲ ಅಂತ ಸಹಿ ಮಾಡಿದ ಪತ್ರ, ತೆಗೆದುಕೊಳ್ಳಿ. ಕಂಟ್ರಾಕ್ಟರ್ ಇಟ್ಟಿಗೆ ಅಂಗಡಿಯವರಿಗೆ ಬಾಕಿ ಇಟ್ಟರೆ ಅವರು ನಿಮ್ಮ ಮನೆಯ ಮೇಲೆ ಹಕ್ಕು ಹೂಡಬಹುದು. ಪರ್ಮಿಟ್ ಬೇಕಾ ಅಂತ ಊರಿನ ಕಟ್ಟಡ ವಿಭಾಗಕ್ಕೆ ನೀವೇ ಫೋನ್ ಮಾಡಿ. ಗ್ರೈಂಡರ್ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಧೂಳು ಎಳೆಯುವ ವ್ಯಾಕ್ಯೂಮ್ ಜೋಡಿಸಿದ ಗ್ರೈಂಡರ್ ತರುತ್ತಾರಾ ಕೇಳಿ. ಅಂದು ಕಿಟಕಿ ಎಲ್ಲ ಮುಚ್ಚಿ.

ಬರ್ವಿನ್_ಬಂಗಲೆ · ಜೂನ್ 14

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಲೈನರ್ ಮೇ ತಿಂಗಳಲ್ಲೇ ಆಯಿತು. ಆಮೇಲೆ ನಾಲ್ಕು ಜನ ಮೇಸ್ತ್ರಿಗಳನ್ನು ಕರೆಸಿದೆ. ಮೂವರು ಕೆಳಗೆ ನಿಂತು ಮೇಲೆ ನೋಡಿ ಮೊತ್ತ ಹೇಳಿದರು. ನಾಲ್ಕನೆಯವರು ವಯಸ್ಸಾದವರು. ನಾನು ಹೇಳುವ ಮುಂಚೆಯೇ ಜೇಬಿನಿಂದ ಬೀಗದ ಕೈ ತೆಗೆದು ಗಾರೆ ಗೀರಿದರು. ಏಣಿ ಹಾಕಿ ಚಿಮಣಿ ತಲೆಯ ಕಾಂಕ್ರೀಟಿನ ಬಿರುಕು ಫೋಟೋ ಹಿಡಿದು ತೋರಿಸಿದರು. ಪಕ್ಕಕ್ಕೆ ಓ, ಚಿಮಣಿಗೆ ಎನ್ ಅಂತ ಅವರೇ ಬರೆದುಕೊಟ್ಟರು. ಮೊತ್ತ ನಾಲ್ವರಲ್ಲಿ ಎರಡನೆಯದು, ಅತಿ ಕಡಿಮೆಯದಲ್ಲ. ಮಾದರಿ ತುಂಡು ನಿನ್ನೆ ಮುಗಿಯಿತು, ಒಂದು ಅಂಚೂ ಒಡೆದಿಲ್ಲ. ಇಲ್ಲಿ ಈಗ ಬಿಸಿಲು ಜೋರಾಗಿದೆ. ಅದಕ್ಕೆ ನಾನೇನಾದರೂ ಮಾಡಬೇಕಾ?

ಹಳೇಗೋಡೆ · ಜೂನ್ 14

ಓದಿ ಮನಸ್ಸಿಗೆ ಸಮಾಧಾನವಾಯಿತು ಮೇಡಂ. ಬಿಸಿಲಿಗೆ ಬೇಗ ಒಣಗಿದರೆ ಸುಣ್ಣ ಜಾಸ್ತಿ ಇರುವ ಗಾರೆ ಪುಡಿಯಾಗುತ್ತದೆ. ಊರಲ್ಲಿ ಹೊಸ ಗೋಡೆಗೆ ಮಾಡುತ್ತಾರಲ್ಲ, ಹಾಗೇ ಒದ್ದೆ ಗೋಣಿಚೀಲ ಇಳಿಬಿಟ್ಟು ಮೂರು ದಿನ ತೇವ ಆರದಂತೆ ನೋಡಿಕೊಳ್ಳಿ. ಪೈಪಿನಿಂದ ನೀರು ರಭಸವಾಗಿ ಹೊಡೆಯಬೇಡಿ. ಸಣ್ಣ ತುಂತುರು ಬರುವ ನಾಝಲ್ ಇದ್ದರೆ ಸಾಕು.