ಅಪ್‌ಡೇಟ್: ಚಳಿಗಾಲದಲ್ಲಿ ಹೂಬಿಡುವ ಕಳ್ಳಿಯ ಗುರುತು ಸಿಕ್ಕಿದೆ

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿರುವ, ‘ಕ್ರಿಸ್‌ಮಸ್ ಕ್ಯಾಕ್ಟಸ್’ ಎಂದು ನರ್ಸರಿಯವರು ಕೊಟ್ಟ ಗಿಡ ನಿಜಕ್ಕೂ ಯಾವುದು, ಅದು ಮೊಗ್ಗು ಬಿಡದಿರಲು ಕಾರಣವೇನು ಎಂದು ಹಿಂದೆ ಕೇಳಿದ್ದೆ. ಚಪ್ಪಟೆ ಕಾಂಡದ ಅಂಚನ್ನು ಗಮನಿಸಿ ಎಂದು ತಿಳಿಸಿದವರಿಗೆ ಕೃತಜ್ಞತೆಗಳು. ಅಂಚಿನಲ್ಲಿ ಚೂಪಾದ ಹಲ್ಲುಗಳಿವೆ. ಈಗ ಅರಳಿರುವ ಹೂಗಳು ಕೆಳಕ್ಕೆ ಜೋಲದೆ ಅಡ್ಡಕ್ಕೆ ಚಾಚಿವೆ, ಪರಾಗಕೋಶಗಳು ಹಳದಿಯಾಗಿವೆ. ಆದ್ದರಿಂದ ಇದು ‘ಥ್ಯಾಂಕ್ಸ್‌ಗಿವಿಂಗ್ ಕ್ಯಾಕ್ಟಸ್’ ಎನ್ನುವ ಶ್ಲುಂಬರ್ಗೆರಾ ಟ್ರಂಕೇಟಾ ಗುಂಪಿನದು. ನಿಜವಾದ ಕ್ರಿಸ್‌ಮಸ್ ಕ್ಯಾಕ್ಟಸ್, ಅಂದರೆ ಶ್ಲುಂಬರ್ಗೆರಾ ಬಕ್ಲೇಯಿ ಎಂಬ ಮಿಶ್ರತಳಿಯಾಗಿದ್ದರೆ ಅಂಚು ದುಂಡಗಿದ್ದು, ಪರಾಗಕೋಶಗಳಲ್ಲಿ ನೇರಳೆ ಛಾಯೆ ಇರುತ್ತಿತ್ತು.

ಹೂವಿನ ವಿಷಯದಲ್ಲಿ ಕತ್ತಲೆಯೇ ಮುಖ್ಯವೆಂದು ಮನವರಿಕೆಯಾಯಿತು. ಆಗ್ನೇಯ ಬ್ರೆಜಿಲ್‌ನ ತೇವಭರಿತ ಬೆಟ್ಟಗಳಲ್ಲಿ ಮರಗಳ ಮೇಲೆ ಬೆಳೆಯುವ ಈ ಕಳ್ಳಿ ದೀರ್ಘ ರಾತ್ರಿ ಮತ್ತು ತಂಪನ್ನು ಅನುಸರಿಸಿ ಮೊಗ್ಗು ಕಟ್ಟುವುದರಿಂದ, ದಸರೆಯ ಹೊತ್ತಿಗೆ ಅದನ್ನು ಹಜಾರದ ಟ್ಯೂಬ್‌ಲೈಟಿನಿಂದ ದೂರ, ಸಂಜೆಯ ನಂತರ ಯಾರೂ ದೀಪ ಹಾಕದ ಕೋಣೆಯ ಪೂರ್ವದ ಕಿಟಕಿಗೆ ಸಾಗಿಸಿದೆ. ಅಲ್ಲಿ 12 ಗಂಟೆಗೂ ಹೆಚ್ಚು ಕತ್ತಲೆ ಸಿಗುತ್ತದೆ. ನಮ್ಮೂರಿನ ಚಳಿಯೂ ನೆರವಾಯಿತು. ಮೊಗ್ಗು ಕಂಡ ಮೇಲೆ ಕುಂಡವನ್ನು ಕದಲಿಸಿಲ್ಲ. ಮರಳುಗಾಡಿನ ಕಳ್ಳಿಯಂತೆ ಇದನ್ನು ಪೂರ್ತಿ ಒಣಗಲು ಬಿಡಬಾರದು ಎಂಬ ಸಲಹೆಯಂತೆ, ಮೇಲ್ಮಣ್ಣು ಒಣಗಿದ ಕೂಡಲೇ ನೀರು ಹಾಕುತ್ತಿದ್ದೇನೆ. ಹೂ ಮುಗಿದ ಬಳಿಕ ಕೆಲವು ತುಂಡುಗಳನ್ನು ಮುರಿದು, ಗಾಯ ಒಣಗಿಸಿ, ಕೋಕೋಪೀಟ್ ಬೆರೆಸಿದ ಮಣ್ಣಿನಲ್ಲಿ ನೆಡಲಿದ್ದೇನೆ.